ಹನ್ನೆರಡು ವಾರದ ಲೆಕ್ಕ: ಅಮೆರಿಕದಲ್ಲಿ ಕಂಪನಿ ನಡೆಸುವವರು ಯಾವ ದಾರಿ ಹಿಡಿಯಬೇಕು?

ನೌಕರನೊಬ್ಬ ಬಂದು, "ಊರಿನಲ್ಲಿ ಅಪ್ಪನಿಗೆ ಲಕ್ವ ಹೊಡೆದಿದೆ, ಎರಡು ತಿಂಗಳು ಹೋಗಿ ಬರಬೇಕು ಸರ್" ಎಂದರೆ ನಮ್ಮವರ ಸಣ್ಣ ಕಂಪನಿಗಳಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ಮೊದಲು ಹೊರಡಪ್ಪ, ಉಳಿದದ್ದು ಆಮೇಲೆ ನೋಡೋಣ." ಮನಸ್ಸು ಒಳ್ಳೆಯದೇ, ಆದರೆ ಆ 'ಆಮೇಲೆ'ಯೇ ಮುಂದೆ ಕೈಕಚ್ಚುತ್ತದೆ. ಎರಡು ತಿಂಗಳು ನಾಲ್ಕಾಗುತ್ತದೆ, ಇತ್ತ ಪ್ರಾಜೆಕ್ಟ್ ಕೈತಪ್ಪುತ್ತದೆ, ಆಗ ಯಾರೋ ವಕೀಲರು ಕೇಳುತ್ತಾರೆ: ಹನ್ನೆರಡು ವಾರವನ್ನು ಎಂದಿನಿಂದ ಎಣಿಸಿದಿರಿ? ಯಾವ ಕಾಗದದಲ್ಲಿ ಹಾಗೆಂದು ತಿಳಿಸಿದಿರಿ?

ನ್ಯೂಜೆರ್ಸಿಯಲ್ಲಿ ಕುಳಿತು ಇಂಥ ಕೆಲವು ಕಂಪನಿಗಳ ಪೇರೋಲ್ ಮತ್ತು ರಜೆಯ ಕಡತ ನೋಡಿಕೊಳ್ಳುವುದು ನನ್ನ ಕೆಲಸ. 1993ರ ಫ್ಯಾಮಿಲಿ ಅಂಡ್ ಮೆಡಿಕಲ್ ಲೀವ್ ಆ್ಯಕ್ಟ್, ಅಂದರೆ ನಾವೆಲ್ಲ ಹೇಳುವ ಎಫ್‌ಎಂಎಲ್‌ಎ, ನೌಕರನಿಗೆ ತನ್ನ ಅಥವಾ ಹತ್ತಿರದ ಮನೆಯವರ ಗಂಭೀರ ಕಾಯಿಲೆಗೆ, ಹೊಸ ಮಗುವಿಗೆ ವರ್ಷಕ್ಕೆ ಹನ್ನೆರಡು ವಾರದವರೆಗೆ ಸಂಬಳವಿಲ್ಲದ ರಜೆ ಕೊಟ್ಟು ಅವನ ಕೆಲಸ ಕಾಯ್ದಿಡಬೇಕೆನ್ನುತ್ತದೆ. ಅದು ಮಾಲೀಕನ ಕೈಕಟ್ಟುವ ಕಾನೂನು ಎಂದು ಬಹಳ ಜನ ತಿಳಿದಿದ್ದಾರೆ. ನಿಜವಾಗಿ ನೋಡಿದರೆ ನಾಲ್ಕೈದು ಮುಖ್ಯ ವಿಷಯಗಳಲ್ಲಿ ಅದು ಆಯ್ಕೆಯನ್ನು ಮಾಲೀಕನಿಗೇ ಬಿಟ್ಟಿದೆ. ಒಂದೇ ಷರತ್ತು: ಮೊದಲ ರಜೆಯ ಅರ್ಜಿ ಬರುವುದಕ್ಕೆ ಮುಂಚೆಯೇ ಆಯ್ದು ಬರೆದಿಟ್ಟಿರಬೇಕು. ಆ ಆಯ್ಕೆಗಳನ್ನು ಒಂದೊಂದಾಗಿ ಪಕ್ಕಪಕ್ಕ ಇಟ್ಟು ನೋಡೋಣ.

ಮೊದಲಿಗೆ, ಕಾನೂನು ನಿಮಗೆ ತಗಲುತ್ತದೆಯೇ?

ಈ ವರ್ಷ ಅಥವಾ ಕಳೆದ ವರ್ಷ, 20 ವಾರಗಳಾದರೂ 50 ಅಥವಾ ಹೆಚ್ಚು ನೌಕರರಿದ್ದ ಖಾಸಗಿ ಕಂಪನಿಗೆ ಎಫ್‌ಎಂಎಲ್‌ಎ ಅನ್ವಯಿಸುತ್ತದೆ. ವಾರಗಳು ಒಂದರ ಹಿಂದೊಂದು ಬರಬೇಕೆಂದಿಲ್ಲ. ಅರೆಕಾಲಿಕರನ್ನೂ, ರಜೆಯಲ್ಲಿದ್ದು ಮರಳಿ ಬರಲಿರುವವರನ್ನೂ ತಲೆಯೆಣಿಕೆಗೆ ಸೇರಿಸಬೇಕು. ಬೆಂಗಳೂರಿನ ಕಚೇರಿಯಲ್ಲಿ ಕುಳಿತವರನ್ನು ಸೇರಿಸಬೇಕಿಲ್ಲ, ಏಕೆಂದರೆ ಅಮೆರಿಕದ ಹೊರಗೆ ದುಡಿಯುವವರು ಈ ಎಣಿಕೆಗೆ ಬರುವುದಿಲ್ಲ. ಇಲ್ಲಿ 30 ಮಂದಿ, ಅಲ್ಲಿ 200 ಮಂದಿ ಇಟ್ಟುಕೊಂಡ ಕಂಪನಿ ಈ ಕಾನೂನಿನ ಮಟ್ಟಿಗೆ 30 ಮಂದಿಯ ಕಂಪನಿಯೇ.

ನೌಕರನ ಅರ್ಹತೆಗೆ ಮೂರು ಅಳತೆಗಳಿವೆ. ಒಟ್ಟು 12 ತಿಂಗಳ ಸೇವೆ ಆಗಿರಬೇಕು. ಹಿಂದಿನ 12 ತಿಂಗಳಲ್ಲಿ 1,250 ಗಂಟೆ ದುಡಿದಿರಬೇಕು. ಅವನ ಕೆಲಸದ ಸ್ಥಳದಿಂದ 75 ಮೈಲಿಯೊಳಗೆ ಕಂಪನಿಯ 50 ನೌಕರರಿರಬೇಕು. ಈ ಮೂರನೆಯದರಲ್ಲಿ ನಮ್ಮ ಸಲಹಾ ಕಂಪನಿಗಳು ಎಡವುವುದನ್ನು ಎಷ್ಟು ಸಲ ನೋಡಿದ್ದೇನೋ. "ನಮ್ಮ ಕನ್ಸಲ್ಟಂಟುಗಳು ಹದಿನಾಲ್ಕು ರಾಜ್ಯಗಳಲ್ಲಿ ಚದುರಿದ್ದಾರೆ, 75 ಮೈಲಿಯ ಸುತ್ತ ಐದು ಜನವೂ ಸಿಗುವುದಿಲ್ಲ" ಎನ್ನುತ್ತಾರೆ. ಮನೆಯಿಂದಲೇ ದುಡಿಯುವವನ ಕೆಲಸದ ಸ್ಥಳ ಅವನ ಮನೆಯಲ್ಲ. ಅವನು ಯಾವ ಕಚೇರಿಗೆ ವರದಿ ಒಪ್ಪಿಸುತ್ತಾನೋ, ಯಾವ ಕಚೇರಿಯಿಂದ ಕೆಲಸ ಪಡೆಯುತ್ತಾನೋ ಅದು. ಗ್ರಾಹಕ ಕಂಪನಿಯಲ್ಲಿ ಕೂರಿಸಿದ ಕನ್ಸಲ್ಟಂಟಿಗೂ ಸಾಮಾನ್ಯವಾಗಿ ಅವನನ್ನು ಕಳುಹಿಸಿದ ನಿಮ್ಮ ಕಚೇರಿಯೇ ಲೆಕ್ಕ. ಅವನು ಗ್ರಾಹಕರ ಕಟ್ಟಡದಲ್ಲೇ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಕುಳಿತು ಕೆಲಸ ಮಾಡಿದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಹಾಗಾಗಿ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಎರಡು ಕೋಣೆಯ ಕಚೇರಿ ಇಟ್ಟುಕೊಂಡು ದೇಶದ ತುಂಬ 60 ಜನರನ್ನು ಚದುರಿಸಿದವನೂ ಕಾನೂನಿನೊಳಗೇ ಇದ್ದಾನೆ.

50ಕ್ಕಿಂತ ಕಡಿಮೆ ಜನ ಇರುವವರಿಗೆ ಒಂದು ಕಿವಿಮಾತು. ಬೇರೆ ಯಾರದೋ ನೌಕರ ಕೈಪಿಡಿಯನ್ನು ನಕಲು ಮಾಡಿಕೊಂಡು ಅದರಲ್ಲಿ "ನಿಮಗೆ ಎಫ್‌ಎಂಎಲ್‌ಎ ರಜೆ ಉಂಟು" ಎಂಬ ಸಾಲನ್ನು ಹಾಗೆಯೇ ಬಿಡಬೇಡಿ. ಕೊಟ್ಟ ಮಾತನ್ನು ನಂಬಿ ರಜೆ ಹೋದವನ ಪರವಾಗಿ ನ್ಯಾಯಾಲಯಗಳು ನಿಂತದ್ದುಂಟು. ನಿಮಗೆ ಬೇಕಾದದ್ದು ನಿಮ್ಮದೇ ಸರಳ ರಜೆ ನೀತಿ ಮತ್ತು ರಾಜ್ಯದ ಕಾನೂನಿನ ತಿಳಿವಳಿಕೆ. ಕ್ಯಾಲಿಫೋರ್ನಿಯಾದ ಕುಟುಂಬ ರಜೆ ಕಾನೂನು ಐದೇ ನೌಕರರಿದ್ದರೂ ತಗಲುತ್ತದೆ.

ವರ್ಷವನ್ನು ಎಣಿಸುವ ನಾಲ್ಕು ಬಗೆ

"12 ತಿಂಗಳಲ್ಲಿ 12 ವಾರ" ಎಂದಿದೆ ಕಾನೂನು. ಯಾವ 12 ತಿಂಗಳು? ಇದೇ ಎಲ್ಲಕ್ಕಿಂತ ದೊಡ್ಡ ಆಯ್ಕೆ, ಎಲ್ಲಕ್ಕಿಂತ ಹೆಚ್ಚು ಜನ ಮರೆಯುವ ಆಯ್ಕೆಯೂ ಇದೇ. ಏನನ್ನೂ ಆಯ್ದುಕೊಳ್ಳದೆ ಕುಳಿತರೆ, ನಾಲ್ಕರಲ್ಲಿ ನೌಕರನಿಗೆ ಯಾವುದು ಹೆಚ್ಚು ಲಾಭವೋ ಅದೇ ನಿಮ್ಮ ಪದ್ಧತಿಯಾಗುತ್ತದೆ.

ಮೊದಲನೆಯದು ಜನವರಿಯಿಂದ ಡಿಸೆಂಬರ್. ಎಣಿಸುವುದು ಸುಲಭ, ನೌಕರನಿಗೂ ಬೇಗ ಅರ್ಥವಾಗುತ್ತದೆ. ತೊಡಕು ವರ್ಷದ ಕೊನೆಯಲ್ಲಿದೆ. 2023ರ ಅಕ್ಟೋಬರ್ 9, ಸೋಮವಾರದಿಂದ ಒಬ್ಬರು ರಜೆ ಹಿಡಿದರು ಎಂದುಕೊಳ್ಳಿ. ಡಿಸೆಂಬರ್ 31ರ ಭಾನುವಾರಕ್ಕೆ ಸರಿಯಾಗಿ ಹನ್ನೆರಡು ವಾರ ಮುಗಿಯಿತು. ಮರುದಿನ ಜನವರಿ 1, ಹೊಸ ವರ್ಷ, ಹೊಸ ಹನ್ನೆರಡು ವಾರ. ಕಾರಣ ಇನ್ನೂ ಉಳಿದಿದ್ದು, ಹಿಂದಿನ 12 ತಿಂಗಳಲ್ಲಿ 1,250 ಗಂಟೆ ತುಂಬಿದ್ದರೆ 2024ರ ಮಾರ್ಚ್ 24ರವರೆಗೂ ಅವರ ಕುರ್ಚಿ ಕಾಯಬೇಕು. ಒಟ್ಟು 24 ವಾರ. ವಾರಕ್ಕೆ 40 ಗಂಟೆಯಂತೆ ಅಕ್ಟೋಬರ್‌ವರೆಗೆ ದುಡಿದವರಿಗೆ 1,250 ದಾಟುವುದು ಕಷ್ಟವೇನಲ್ಲ. ಇದು ನೌಕರನ ಕುಯುಕ್ತಿ ಅಲ್ಲ. ಕಾಯಿಲೆ ಪಂಚಾಂಗ ನೋಡಿ ಬರುವುದಿಲ್ಲ, ನೀವು ಆರಿಸಿಕೊಂಡ ಪಂಚಾಂಗ ಹಾಗಿದೆ ಅಷ್ಟೆ.

ಎರಡನೆಯದು ಬೇರೊಂದು ನಿಗದಿತ ವರ್ಷ: ಕಂಪನಿಯ ಹಣಕಾಸು ವರ್ಷ, ಅಥವಾ ಪ್ರತಿಯೊಬ್ಬರೂ ಕೆಲಸಕ್ಕೆ ಸೇರಿದ ದಿನದಿಂದ. ಮೊದಲನೆಯದರ ದೋಷ ಇದರಲ್ಲೂ ಇದೆ, ಮೇಲಾಗಿ ಸೇರಿದ ದಿನದ ಲೆಕ್ಕವಾದರೆ 60 ಜನರಿಗೆ 60 ಪಂಚಾಂಗ. ಇದನ್ನು ಯಾಕೆ ಆರಿಸಿಕೊಳ್ಳುತ್ತಾರೋ ನನಗೆ ಇಂದಿಗೂ ಅರ್ಥವಾಗಿಲ್ಲ.

ಮೂರನೆಯದು ಮುಂದಕ್ಕೆ ಓಡುವ ಲೆಕ್ಕ. ನೌಕರ ಮೊದಲ ಸಲ ಈ ರಜೆ ತೆಗೆದುಕೊಂಡ ದಿನ ಅವನ ಗಡಿಯಾರ ಶುರು, ಅಲ್ಲಿಂದ 12 ತಿಂಗಳು. ಆ ಅವಧಿ ಮುಗಿದ ಮೇಲೆ ಮತ್ತೆ ರಜೆ ತೆಗೆದುಕೊಂಡ ದಿನ ಹೊಸ ಗಡಿಯಾರ. ಇದು ನ್ಯಾಯವಾಗಿಯೇ ಇದೆ, ಆದರೆ ಅವಧಿಯ ಶುರುವಿನಲ್ಲಿ ಒಂದೆರಡು ದಿನ ಮಾತ್ರ ತೆಗೆದುಕೊಂಡು ಉಳಿದದ್ದನ್ನೆಲ್ಲ ಕೊನೆಯ ವಾರಗಳಿಗೆ ಇಟ್ಟುಕೊಂಡರೆ ಇಲ್ಲೂ ಎರಡು ಅವಧಿಗಳು ಬೆಸೆದುಕೊಳ್ಳುತ್ತವೆ.

ನಾಲ್ಕನೆಯದು ಹಿಂದಕ್ಕೆ ನೋಡುವ ಲೆಕ್ಕ. ರಜೆ ಬೇಕಾದ ಪ್ರತಿ ದಿನವೂ ಹಿಂದಿನ 12 ತಿಂಗಳತ್ತ ತಿರುಗಿ, ಎಷ್ಟು ಬಳಕೆಯಾಗಿದೆ ಎಂದು ನೋಡುವುದು. ಒಬ್ಬರು 2024ರ ಮಾರ್ಚ್ 4ರಿಂದ ನಾಲ್ಕು ವಾರ, ಆಗಸ್ಟ್ 5ರಿಂದ ಆರು ವಾರ ತೆಗೆದುಕೊಂಡಿದ್ದಾರೆ. ಡಿಸೆಂಬರ್ 2ರಂದು ಮತ್ತೆ ಬೇಕೆನ್ನುತ್ತಾರೆ. ಹಿಂದೆ ನೋಡಿದರೆ ಹತ್ತು ವಾರ ಹೋಗಿದೆ, ಉಳಿದದ್ದು ಎರಡು, ಅದು ಡಿಸೆಂಬರ್ 15ಕ್ಕೆ ಮುಗಿಯುತ್ತದೆ. ಆಮೇಲೆ 2025ರ ಮಾರ್ಚ್ 4ರವರೆಗೆ ಏನೂ ಇಲ್ಲ. ಆ ದಿನ, ಹಿಂದಿನ ವರ್ಷ ಅದೇ ತಾರೀಖಿಗೆ ಬಳಸಿದ್ದ ಒಂದು ದಿನ ಮರಳಿ ಖಾತೆಗೆ ಬೀಳುತ್ತದೆ, ಮರುದಿನ ಇನ್ನೊಂದು. ಹೀಗೆ ದಿನಕ್ಕೊಂದರಂತೆ ತುಂಬಿಕೊಳ್ಳುತ್ತ ಹೋಗುತ್ತದೆ. 24 ವಾರದ ಜೋಡಣೆ ಇಲ್ಲಿ ಸಾಧ್ಯವೇ ಇಲ್ಲ.

50ರಿಂದ 150 ಜನರಿರುವ ಕಂಪನಿಗೆ ನನ್ನ ಆಯ್ಕೆ ನಾಲ್ಕನೆಯದೇ. ಎಣಿಕೆ ಗೋಜಲು ಎಂಬ ದೂರು ಹಳೆಯದು. ದಿನಕ್ಕೊಂದು ಸಾಲು ಬರೆದಿಟ್ಟರೆ ಸಾಮಾನ್ಯ ಸ್ಪ್ರೆಡ್‌ಶೀಟ್ ಈ ಲೆಕ್ಕ ಮಾಡಿಕೊಡುತ್ತದೆ. ಅಪವಾದವೂ ಇದೆ. ನಿಮ್ಮ ನೌಕರರಲ್ಲಿ ಹೆಚ್ಚಿನವರು ಮ್ಯಾಸಚೂಸೆಟ್ಸ್‌ನಲ್ಲಿದ್ದರೆ ಮುಂದಕ್ಕೆ ಓಡುವ ಲೆಕ್ಕವೇ ಲೇಸು. ಆ ರಾಜ್ಯದ ಸಂಬಳಸಹಿತ ರಜೆಯ ವರ್ಷ, ರಜೆಯ ಮೊದಲ ದಿನಕ್ಕೆ ಹಿಂದಿನ ಭಾನುವಾರದಿಂದ ಮುಂದಕ್ಕೆ ಓಡುತ್ತದೆ. ಎರಡು ಲೆಕ್ಕಗಳು ಎರಡು ದಿಕ್ಕಿಗೆ ಎಳೆದರೆ ನೌಕರ ಒಂದು ಕೈಯಲ್ಲಿ ಮುಗಿಸಿದ ರಜೆಯನ್ನು ಇನ್ನೊಂದು ಕೈಯಲ್ಲಿ ಮತ್ತೆ ಪಡೆಯುತ್ತಾನೆ.

ಪದ್ಧತಿಯನ್ನು ಬದಲಿಸಬೇಕೆಂದರೆ ಎಲ್ಲರಿಗೂ 60 ದಿನ ಮುಂಚೆ ತಿಳಿಸಬೇಕು, ಆ ಮಧ್ಯೆ ಯಾರ ಪಾಲೂ ಕಡಿಮೆಯಾಗಬಾರದು. ಒಬ್ಬರಿಗೊಂದು ಇನ್ನೊಬ್ಬರಿಗೊಂದು ಎನ್ನುವಂತಿಲ್ಲ. ಗಾಯಗೊಂಡ ಸೈನಿಕರ ಆರೈಕೆಗೆ ಸಿಗುವ 26 ವಾರದ ರಜೆಗೆ ಮಾತ್ರ, ನೀವು ಏನೇ ಆರಿಸಿರಿ, ಮುಂದಕ್ಕೆ ಓಡುವ ಲೆಕ್ಕವೇ.

ಸಂಬಳದ ರಜೆಯನ್ನು ಜೊತೆಗೇ ಕಳೆಯಬೇಕೇ?

ಎಫ್‌ಎಂಎಲ್‌ಎ ರಜೆಗೆ ಸಂಬಳ ಕೊಡಬೇಕಿಲ್ಲ. ಆದರೆ ನೌಕರನ ಖಾತೆಯಲ್ಲಿರುವ ಸಂಬಳದ ರಜೆಯನ್ನು ಜೊತೆಜೊತೆಗೇ ಬಳಸಬೇಕೆಂದು ನೀವು ಕಡ್ಡಾಯ ಮಾಡಬಹುದು. ಅವನ ಇಷ್ಟಕ್ಕೆ ಬಿಡಲೂಬಹುದು. ಇಷ್ಟಕ್ಕೆ ಬಿಟ್ಟರೆ ಅವನು ಹನ್ನೆರಡು ವಾರ ಸಂಬಳವಿಲ್ಲದೆ ಇದ್ದು, ಬಂದ ಮೇಲೆ ಮೂರು ವಾರದ ರಜೆ ಕೇಳಬಹುದು. ಕಡ್ಡಾಯ ಮಾಡಿದರೆ ಮರಳಿದವನ ಕೈಯಲ್ಲಿ ಒಂದು ದಿನವೂ ಉಳಿಯುವುದಿಲ್ಲ. ಹಸುಗೂಸಿಗೆ ಜ್ವರ ಬಂದ ದಿನ ಅವನು ಏನು ಮಾಡಬೇಕು? ಕಡ್ಡಾಯ ಮಾಡಿ, ಆದರೆ ಐದು ದಿನ ಉಳಿಸಿಕೊಳ್ಳಲು ಬಿಡಿ ಎಂದು ನಾನು ಹೇಳುತ್ತೇನೆ. ಆ ಐದು ದಿನದ ಖರ್ಚು ಕಂಪನಿಗೆ ಏನೇನೂ ಅಲ್ಲ.

ಕೆಲವು ರಾಜ್ಯಗಳು ನಡೆಸುವ ಸಂಬಳಸಹಿತ ರಜೆಯ ನಿಧಿಯಿಂದಲೋ ಅಲ್ಪಾವಧಿ ಅಂಗವೈಕಲ್ಯ ವಿಮೆಯಿಂದಲೋ ಹಣ ಬರುತ್ತಿರುವ ವಾರಗಳಲ್ಲಿ ಈ ಕಡ್ಡಾಯ ನಡೆಯುವುದಿಲ್ಲ. ಆ ರಜೆ 'ವೇತನರಹಿತ' ಅಲ್ಲವೆಂದು ಕಾನೂನಿನ ಲೆಕ್ಕ. ರಾಜ್ಯ ಒಪ್ಪಿದರೆ ಇಬ್ಬರೂ ಮಾತಾಡಿಕೊಂಡು ಕೊರತೆಯಷ್ಟನ್ನು ಸಂಬಳದ ರಜೆಯಿಂದ ತುಂಬಬಹುದು.

ಆರೋಗ್ಯ ವಿಮೆಯನ್ನು ಮೊದಲಿನಂತೆಯೇ ಮುಂದುವರಿಸಬೇಕು. ಸಂಬಳವೇ ಇಲ್ಲದಾಗ ನೌಕರನ ಪಾಲಿನ ಕಂತನ್ನು ವಸೂಲು ಮಾಡುವುದು ಹೇಗೆ? ರಜೆಗೆ ಮುಂಚೆಯೇ ಕಡಿದುಕೊಳ್ಳುವುದು, ತಿಂಗಳು ತಿಂಗಳು ಕಟ್ಟಿಸಿಕೊಳ್ಳುವುದು, ಬಂದ ಮೇಲೆ ಸಂಬಳದಲ್ಲಿ ಹಿಡಿಯುವುದು: ಮೂರು ದಾರಿ. ಮೊದಲನೆಯದೊಂದನ್ನೇ ಮುಂದಿಟ್ಟು "ಹೀಗೇ ಕಟ್ಟು" ಎನ್ನುವಂತಿಲ್ಲ. ಕೊನೆಯದರಲ್ಲಿ ಮರಳಿ ಬಾರದವನ ಬಾಕಿ ನಿಮ್ಮ ತಲೆಗೆ. ತಿಂಗಳ ಕಂತೇ ಒಳ್ಳೆಯದು. ಕಟ್ಟದಿದ್ದರೆ 30 ದಿನ ಕಾಯಬೇಕು, ವಿಮೆ ನಿಲ್ಲಿಸುವ 15 ದಿನ ಮುಂಚೆ ಪತ್ರ ಬರೆಯಬೇಕು.

ಇಡಿಯಾಗಿ ಅಥವಾ ಬಿಡಿಬಿಡಿಯಾಗಿ

ವೈದ್ಯಕೀಯ ಅಗತ್ಯವಿದ್ದರೆ ಬಿಡಿಬಿಡಿಯಾಗಿ ರಜೆ ತೆಗೆದುಕೊಳ್ಳುವುದು ನೌಕರನ ಹಕ್ಕು, ಅದರಲ್ಲಿ ನಿಮ್ಮ ಆಯ್ಕೆ ಇಲ್ಲ. ಆಯ್ಕೆ ಇರುವುದು ಎಳೆಮಗುವಿನೊಂದಿಗೆ ಇರಲು ಕೇಳುವ ರಜೆಯಲ್ಲಿ. ಅದನ್ನು ಬಿಡಿಯಾಗಿ ಕೊಡುವುದು ಫೆಡರಲ್ ಕಾನೂನಿನಲ್ಲಿ ಮಾಲೀಕನ ಒಪ್ಪಿಗೆಗೆ ಬಿಟ್ಟದ್ದು. ನಾನು ಒಪ್ಪಿ ಎನ್ನುತ್ತೇನೆ. ಆರು ತಿಂಗಳ ಕಾಲ ವಾರಕ್ಕೆ ಎರಡು ದಿನ ಇಲ್ಲದವನ ಕೆಲಸವನ್ನು ಹಂಚಿಕೊಳ್ಳಬಹುದು, ಮೂರು ತಿಂಗಳು ಪೂರ್ತಿ ಇಲ್ಲದವನ ಜಾಗಕ್ಕೆ ಬೇರೆಯವರನ್ನೇ ತರಬೇಕಾಗುತ್ತದೆ.

ಬಿಡಿ ರಜೆಗೆ ಹೆದರುವವರು ಗಂಟೆಯ ಲೆಕ್ಕ ಹಾಕಿ ನೋಡಿಲ್ಲ. ವಾರಕ್ಕೆ 40 ಗಂಟೆ ದುಡಿಯುವವರಿಗೆ ಹನ್ನೆರಡು ವಾರವೆಂದರೆ 480 ಗಂಟೆ. ನಾನು ನೋಡಿದ ಒಂದು ಕಡತದಲ್ಲಿ ನೌಕರಳೊಬ್ಬಳು ತಾಯಿಯನ್ನು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದಳು, ಪ್ರತಿ ಸಲ ಕೆಲಸದ ನಾಲ್ಕು ಗಂಟೆ. ವಾರಕ್ಕೆ 12 ಗಂಟೆ, ಅಂದರೆ 40 ವಾರ ಬಾಳುವ ರಜೆ. ಅವಳ ವ್ಯವಸ್ಥಾಪಕ ಅರ್ಧ ದಿನವೆಂದು ಸುತ್ತಿ ಬರೆಯುವ ಬದಲು ಪ್ರತಿ ಸಲ ಇಡೀ ದಿನ ಕಳೆಯುತ್ತಿದ್ದ. ಇಪ್ಪತ್ತನೆಯ ವಾರಕ್ಕೆ "ನಿನ್ನ ರಜೆ ಮುಗಿಯಿತು" ಎಂಬ ಪತ್ರ ಹೋಯಿತು, ನಿಜವಾಗಿ ಅರ್ಧವಷ್ಟೇ ಮುಗಿದಿತ್ತು. ಬೇರೆ ರಜೆಗಳಿಗೆ ನೀವು ಬಳಸುವ ಅತಿ ಚಿಕ್ಕ ಅಳತೆಯಲ್ಲೇ ಇದನ್ನೂ ಅಳೆಯಬೇಕು, ಹೇಗೂ ಒಂದು ಗಂಟೆಗಿಂತ ದೊಡ್ಡ ಅಳತೆ ಕೂಡದು. ಆ ಪತ್ರ ಹಿಂತೆಗೆದುಕೊಳ್ಳಲು ಎರಡು ತಿಂಗಳು ಓಡಾಡಿದೆವು.

ಮಾಸಿಕ ಸಂಬಳದವರ ಬಗ್ಗೆ ಒಂದು ಸಂಗತಿ. ಓವರ್‌ಟೈಮ್ ಇಲ್ಲದ ಸಂಬಳದಾರರಿಗೆ ಎರಡು ಗಂಟೆ ಬೇಗ ಹೋದರೆಂದು ಸಾಮಾನ್ಯವಾಗಿ ಹಣ ಕಡಿಯುವಂತಿಲ್ಲ. ಎಫ್‌ಎಂಎಲ್‌ಎ ಗಂಟೆಗಳಿಗೆ ಮಾತ್ರ ಕಡಿಯಬಹುದು, ಅವರ ಆ ಸ್ಥಾನಮಾನಕ್ಕೆ ಧಕ್ಕೆ ಬರುವುದಿಲ್ಲ. ಮುಂಚೆಯೇ ಗೊತ್ತಿರುವ ಚಿಕಿತ್ಸೆಗಾಗಿ ಬಿಡಿ ರಜೆ ಬೇಕಾದವರನ್ನು ಅದೇ ಸಂಬಳ, ಅದೇ ಸೌಲಭ್ಯವಿರುವ ಬೇರೊಂದು ಜಾಗಕ್ಕೆ ತಾತ್ಕಾಲಿಕವಾಗಿ ಹಾಕುವ ಅವಕಾಶವೂ ಇದೆ.

ಅಪ್ಪ ಸರಿ, ಅತ್ತೆ?

ನಮ್ಮವರಿಗೆ ಹೆಚ್ಚು ಬೇಕಾಗುವ ಭಾಗವಿದು. ಗಂಡ, ಹೆಂಡತಿ, ಮಕ್ಕಳು, ತಂದೆ, ತಾಯಿ: ಫೆಡರಲ್ ಕಾನೂನಿನ ಕುಟುಂಬ ಇಷ್ಟೇ. ಅತ್ತೆ ಮಾವ ಇಲ್ಲ, ಅಣ್ಣ ತಂಗಿಯರಿಲ್ಲ. ಆದರೆ ಚಿಕ್ಕಂದಿನಲ್ಲಿ ತಂದೆಯ ಸ್ಥಾನದಲ್ಲಿ ನಿಂತು ಸಾಕಿದವರು ತಂದೆಯೇ. ದೊಡ್ಡಪ್ಪನ ಮನೆಯಲ್ಲಿ ಬೆಳೆದವನು ದೊಡ್ಡಪ್ಪನ ಆರೈಕೆಗೆ ಹೊರಟರೆ "ಅವರು ನಿನ್ನ ಅಪ್ಪನಲ್ಲವಲ್ಲ" ಎಂದು ತಳ್ಳಿಹಾಕುವಂತಿಲ್ಲ. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಅತ್ತೆ ಮಾವ, ಅಜ್ಜ ಅಜ್ಜಿ, ಒಡಹುಟ್ಟಿದವರೂ ಇದ್ದಾರೆ. ಫೆಡರಲ್ ಕಾನೂನಿನ ಹೊರಗಿರುವವರಿಗೂ ನೀವಾಗಿ ರಜೆ ಕೊಡಬಹುದು, ಆದರೆ ಅದನ್ನು ಹನ್ನೆರಡು ವಾರದಲ್ಲಿ ಕಳೆಯುವಂತಿಲ್ಲ. ಒಳ್ಳೆಯ ಮನಸ್ಸಿನ ಮಾಲೀಕರು ಸಿಕ್ಕಿಬೀಳುವುದು ಇಲ್ಲೇ.

ರೋಗಿ ಊರಿನಲ್ಲಿದ್ದರೆ ಅಲ್ಲಿನ ವೈದ್ಯರ ಪ್ರಮಾಣಪತ್ರವನ್ನು ಒಪ್ಪಬೇಕು. ಅದು ಇಂಗ್ಲಿಷಿನಲ್ಲಿಲ್ಲದಿದ್ದರೆ ಲಿಖಿತ ಅನುವಾದ ಕೇಳಬಹುದು, ಒದಗಿಸುವುದು ನೌಕರನ ಹೊಣೆ. ಪ್ರಮಾಣಪತ್ರಕ್ಕೆ ಕನಿಷ್ಠ 15 ದಿನ ಕಾಲಾವಕಾಶ ಕೊಡಿ. ಎಚ್‌-1ಬಿ ವೀಸಾದವರು ತಾವಾಗಿಯೇ ಇಂಥ ಕಾರಣಕ್ಕೆ ರಜೆ ಕೇಳಿದರೆ ಆ ದಿನಗಳ ಸಂಬಳ ಕೊಡಬೇಕಿಲ್ಲ. ಆದರೆ ಕೆಲಸವಿಲ್ಲದೆ ಬೆಂಚಿನಲ್ಲಿ ಕೂರಿಸಿದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ತೋರಿಸುವುದು ಅವರ ಕೈಬರಹದ ಅಥವಾ ಇಮೇಲ್‌ನ ಕೋರಿಕೆಯೊಂದೇ. ಅದಿಲ್ಲದೆ ರಜೆ ಕೊಡಬೇಡಿ.

ರಾಜ್ಯದ ನಿಧಿ ಅಥವಾ ಖಾಸಗಿ ಯೋಜನೆ

ಕ್ಯಾಲಿಫೋರ್ನಿಯಾ 2004ರಲ್ಲಿ ಸಂಬಳಸಹಿತ ಕುಟುಂಬ ರಜೆಯನ್ನು ಶುರು ಮಾಡಿತು, ನ್ಯೂಜೆರ್ಸಿ 2009ರಲ್ಲಿ, ನ್ಯೂಯಾರ್ಕ್ 2018ರಲ್ಲಿ. ವಾಷಿಂಗ್ಟನ್, ಮ್ಯಾಸಚೂಸೆಟ್ಸ್, ಕನೆಕ್ಟಿಕಟ್, ಓರೆಗಾನ್, ಕೊಲರಾಡೊ ಆಮೇಲೆ ಬಂದವು. ಬಹಳಷ್ಟು ರಾಜ್ಯಗಳಲ್ಲಿ ಸರ್ಕಾರಿ ನಿಧಿಗೆ ಕಂತು ಕಟ್ಟುವ ಬದಲು ಅಷ್ಟೇ ಸೌಲಭ್ಯ ಕೊಡುವ ಖಾಸಗಿ ಯೋಜನೆಗೆ ಅನುಮತಿ ಪಡೆಯಬಹುದು. ರೋಡ್ ಐಲೆಂಡ್‌ನಲ್ಲಿ ಆ ಅವಕಾಶವಿಲ್ಲ. ಖಾಸಗಿ ಯೋಜನೆಯ ಲಾಭ ದುಡ್ಡಿನಲ್ಲಿ ಅಲ್ಪ. ನೂರು ಜನರೊಳಗಿನ ಕಂಪನಿ ಅನುಮತಿ, ನವೀಕರಣ, ವರದಿ ಎಂದು ಅದರ ಹಿಂದೆ ಬೀಳುವುದು ನನಗಂತೂ ಸರಿ ಕಾಣುವುದಿಲ್ಲ.

ಕಡತ ಯಾರ ಕೈಯಲ್ಲಿ?

ಕಚೇರಿಯಲ್ಲೇ ಸ್ಪ್ರೆಡ್‌ಶೀಟ್, ಪೇರೋಲ್ ತಂತ್ರಾಂಶದ ರಜೆ ವಿಭಾಗ, ಹೊರಗಿನ ರಜೆ ನಿರ್ವಹಣಾ ಸಂಸ್ಥೆ. ತಂತ್ರಾಂಶ ಗಂಟೆ ಎಣಿಸುತ್ತದೆ, ಪತ್ರ ಬರೆಯುವುದಿಲ್ಲ. ಹೊರಗಿನ ಸಂಸ್ಥೆ ಪತ್ರವನ್ನೂ ಬರೆಯುತ್ತದೆ, ಆದರೆ ತಪ್ಪಾದರೆ ಹೊಣೆ ನಿಮ್ಮದೇ. ವರ್ಷಕ್ಕೆ ಮೂರು ನಾಲ್ಕು ಅರ್ಜಿ ಬರುವ ಕಡೆ ಒಬ್ಬ ಶಿಸ್ತಿನ ಮನುಷ್ಯ ಮತ್ತು ಸ್ಪ್ರೆಡ್‌ಶೀಟ್ ಸಾಕು ಎಂದು ನಾನು ಹೇಳುತ್ತಿದ್ದೆ. ಈಗ ಒಂದು ಕಾರಣಕ್ಕೆ ಮಾತು ಬದಲಿಸಿದ್ದೇನೆ: ಪ್ರಮಾಣಪತ್ರದಲ್ಲಿ ಸಂಶಯ ಬಂದಾಗ ನೌಕರನ ನೇರ ಮೇಲಧಿಕಾರಿ ವೈದ್ಯರನ್ನು ಸಂಪರ್ಕಿಸುವಂತಿಲ್ಲ. ಸಿಬ್ಬಂದಿ ವಿಭಾಗದವರು ಅಥವಾ ರಜೆ ನಿರ್ವಾಹಕರು ಸಂಪರ್ಕಿಸಬಹುದು. ಮಾಲೀಕನೇ ಎಲ್ಲರ ಮೇಲಧಿಕಾರಿ, ಅವನ ಹೆಂಡತಿಯೇ ಲೆಕ್ಕಪತ್ರ ಎಂಬಂಥ ಕಂಪನಿಯಲ್ಲಿ ಹಾಗೆ ದೂರ ನಿಂತವರು ಯಾರಿದ್ದಾರೆ? ಅಂಥವರು ಹೊರಗಿನವರಿಗೇ ಕೊಡುವುದು ಒಳ್ಳೆಯದು.

ಯಾರೇ ನೋಡಿಕೊಳ್ಳಲಿ, ಗಡುವುಗಳು ಅವೇ. ನೌಕರ 'ಎಫ್‌ಎಂಎಲ್‌ಎ' ಎಂಬ ಪದವನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ, "ಅಪ್ಪನಿಗೆ ಲಕ್ವ" ಎಂದರೆ ಸಾಕು. ಅಲ್ಲಿಂದ ಐದು ಕೆಲಸದ ದಿನಗಳೊಳಗೆ ಅರ್ಹತೆಯ ಪತ್ರ ಹೋಗಬೇಕು. ಪ್ರಮಾಣಪತ್ರ ಕೈಸೇರಿ ವಿಷಯ ಖಚಿತವಾದ ಮೇಲೆ ಮತ್ತೆ ಐದು ಕೆಲಸದ ದಿನಗಳೊಳಗೆ ರಜೆ ಮಂಜೂರಾತಿಯ ಪತ್ರ. ಕಾರ್ಮಿಕ ಇಲಾಖೆಯ ಡಬ್ಲ್ಯುಎಚ್-381 ಮತ್ತು ಡಬ್ಲ್ಯುಎಚ್-382 ನಮೂನೆಗಳು ಇವಕ್ಕೇ ಇರುವುದು, ಬಿಟ್ಟಿಯಾಗಿ ಸಿಗುತ್ತವೆ. ರಜೆಯ ದಾಖಲೆಗಳನ್ನು ಮೂರು ವರ್ಷ ಇಡಬೇಕು. ವೈದ್ಯರ ಕಾಗದಗಳು ಮಾತ್ರ ನೌಕರನ ಮಾಮೂಲಿ ಕಡತದೊಳಗೆ ಇರಕೂಡದು, ಅವಕ್ಕೆ ಬೇರೆಯದೇ ಕಡತ, ಬೀಗವಿರುವ ಬೇರೆಯದೇ ಡ್ರಾಯರ್.